ಹಕ್ಕಿ ಕಾಟಕ್ಕೆ ತಿರುಗೋ ಡೀಕಾಯ್ ಮೆಷಿನ್ ತರಿಸಬಹುದಾ? – ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಬೆಳೆಗಾರರ ಗುಂಪಲ್ಲಿ ಇವತ್ತಿನ ವಿಷಯ ಬಿತ್ತನೆ ಹೊಲದ ಹಕ್ಕಿ ಕಾಟ. ಉತ್ತರ ಕೊಡೋರು ನಿವೃತ್ತ ಕೃಷಿ ಅಧಿಕಾರಿಗಳು. ಹೆಸರು ಬೇಡ, ಊರು ಮತ್ತು ಬೆಳೆ ಬರೆದು ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಬೇಲೂರು, ಮುಸುಕಿನ ಜೋಳ: ನಮಸ್ತೆ ಸರ್. ಜೋಳ ಹಾಕಿ ನಾಲ್ಕು ದಿನ ಆಯ್ತು. ಪಾರಿವಾಳ, ಬೆಳವ ಗುಂಪಾಗಿ ಇಳಿದು ಕಾಳು ಹೆಕ್ಕುತ್ತಿವೆ. ನಮ್ಮ ಭಾವಮೈದ ಇಂಗ್ಲೆಂಡಲ್ಲಿದ್ದಾನೆ. ಅಲ್ಲಿನ ರೈತರು ರೋಟರಿ ಡೀಕಾಯ್ ಅನ್ನೋ ತಿರುಗೋ ಮೆಷಿನ್ ಇಟ್ಟು ಪಾರಿವಾಳ ಹೊಡೀತಾರಂತೆ. ಬರುವಾಗ ಒಂದು ತರ್ತೀನಿ ಅಂತಾನೆ. ಮೊದಲ ಸಲ ತಗೊಳ್ಳೋರು ಏನು ನೋಡಿ ತಗೋಬೇಕು? ಮನೇಲಿ ಅಜ್ಜನ ಕಾಲದ ಲೈಸೆನ್ಸ್ ಕೋವಿ ಇದೆ.

ತಜ್ಞರು: ಆ ಮೆಷಿನ್ ಇರೋದು ಹಕ್ಕಿ ಓಡಿಸೋಕಲ್ಲ, ಕರೆಯೋಕೆ. ನಿಮ್ಮ ಹೊಲದಲ್ಲಿ ಇಟ್ಟರೆ ಪಕ್ಕದ ಹೊಲದ ಹಕ್ಕೀನೂ ನಿಮ್ಮಲ್ಲಿಗೇ ಬರುತ್ತೆ.

ಅದು ಕೆಲಸ ಮಾಡೋದು ಹೀಗೆ. ನೆಲಕ್ಕೆ ಊರಿದ ಕಂಬದ ಮೇಲೆ 12 ವೋಲ್ಟ್ ಮೋಟರ್, ಅದಕ್ಕೆ ಎರಡು ಉದ್ದ ತೋಳು. ತೋಳಿನ ತುದಿಯಲ್ಲಿ ರೆಕ್ಕೆ ಬಿಚ್ಚಿದ ಸತ್ತ ಪಾರಿವಾಳ ಇಲ್ಲವೇ ಪ್ಲಾಸ್ಟಿಕ್ ಬೊಂಬೆ. ಇಂಗ್ಲೆಂಡಿನ ಕಾಡು ಪಾರಿವಾಳಕ್ಕೆ ರೆಕ್ಕೆ ಮೇಲೆ ಬಿಳಿ ಪಟ್ಟೆ ಇರುತ್ತೆ. ತಿರುಗುವಾಗ ಆ ಬಿಳಿ ದೂರಕ್ಕೂ ಮಿನುಗುತ್ತೆ. ಮೇಲೆ ಹಾರುವ ಹಿಂಡು, ಇಲ್ಲಿ ನಮ್ಮವರು ಮೇವಿಗೆ ಇಳೀತಿದ್ದಾರೆ ಅಂದುಕೊಂಡು ಇಳಿಯುತ್ತೆ. ಹಕ್ಕಿ ಗಾಳಿಗೆ ಎದುರಾಗಿ ಇಳಿಯೋದರಿಂದ ಗಾಳಿಯ ದಿಕ್ಕು ನೋಡಿ, ನಡುವೆ ಇಳಿಯೋ ಜಾಗ ಬಿಟ್ಟು ಬೊಂಬೆ ಜೋಡಿಸುತ್ತಾರೆ. 20–25 ಮೀಟರ್ ದೂರದ ಮರೆಯಲ್ಲಿ ಕೋವಿ ಹಿಡಿದವನು ಕೂತಿರುತ್ತಾನೆ. ಅಲ್ಲಿ ಅವು ಎಣ್ಣೆಬೀಜದ ಸಾಸಿವೆ, ಬಟಾಣಿ, ಕೋಸನ್ನು ಹಾಳು ಮಾಡ್ತವೆ. ಬೆಳೆಗೆ ಗಂಭೀರ ಹಾನಿ ಆಗೋ ಕಡೆ ಷರತ್ತಿನ ಮೇಲೆ ಹೊಡೆಯೋಕೆ ಅಲ್ಲಿನ ಸರ್ಕಾರದ ಸಾಮಾನ್ಯ ಪರವಾನಗಿ ಇದೆ.

ಅಲ್ಲಿ ಮೊದಲ ಮೆಷಿನ್ ಕೊಳ್ಳೋರು ನೋಡಬೇಕಾದ್ದು ವೇಗ ಹೆಚ್ಚು ಕಡಿಮೆ ಮಾಡೋ ಕಂಟ್ರೋಲರ್ ಇದೆಯಾ, ಮೋಟರ್ ಸದ್ದು ಎಷ್ಟು, ಬ್ಯಾಟರಿ ಹೊತ್ತು ಗದ್ದೆ ದಾಟೋಕೆ ಆಗುತ್ತಾ ಅನ್ನೋದನ್ನ. ಜೋರಾಗಿ ತಿರುಗಿದರೆ ಹಕ್ಕಿ ಬೆದರಿ ಹೋಗ್ತವೆ.

ಇಲ್ಲಿಗೆ ಇದ್ಯಾವುದೂ ಬೇಡ. ನಮ್ಮ ಬೆಳವಕ್ಕೆ ಆ ಬಿಳಿ ಪಟ್ಟೆಯೇ ಇಲ್ಲ. ಅದಕ್ಕಿಂತ ಮುಖ್ಯ, ಬೆಳವ, ಹಸಿರು ಪಾರಿವಾಳ, ನಮ್ಮ ಘಟ್ಟದ ನೀಲಗಿರಿ ಕಾಡು ಪಾರಿವಾಳ ಎಲ್ಲ ರಕ್ಷಿತ ಹಕ್ಕಿಗಳು. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಹೊಡೆಯೋದು ಮಾತ್ರ ಅಲ್ಲ, ಬಲೆ, ಉರುಳು, ವಿಷ, ಆಮಿಷ ಒಡ್ಡಿ ಸೆಳೆಯೋದು ಎಲ್ಲಾ ಬೇಟೆಯೇ. ಕೋವಿ ಲೈಸೆನ್ಸ್ ಬೇಟೆ ಲೈಸೆನ್ಸ್ ಅಲ್ಲ. ಭಾವಮೈದನಿಗೆ ಬೇಡ ಅಂತ ಇವತ್ತೇ ಹೇಳಿ.

ಹೊಳೆನರಸೀಪುರ, ಜೋಳ: ಸರ್, ಅಲ್ಟ್ರಾಸೋನಿಕ್ ಮೆಷಿನ್ ಆನ್‌ಲೈನಲ್ಲಿದೆ, ತಗೋಬಹುದಾ?

ತಜ್ಞರು: ಬೇಡ. ಮನುಷ್ಯನಿಗೆ ಕೇಳಿಸದಷ್ಟು ಮೇಲಿನ ಆ ಸದ್ದು ಹಕ್ಕಿಗೂ ಕೇಳಿಸಲ್ಲ.

ಆಲೂರು, ಶುಂಠಿ: ಗುಂಪಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ 🙏 ಪಿವಿಸಿ ಪೈಪಿಗೆ ಕಾರ್ಬೈಡ್ ಚೂರು, ನೀರು ಹಾಕಿ ಗ್ಯಾಸ್ ಲೈಟರ್ ಒತ್ತಿದರೆ ಬಾಂಬ್ ಸದ್ದು. ಹಕ್ಕಿ, ಕೋತಿ, ಹಂದಿ ಎಲ್ಲಾ ಓಡ್ತವೆ. ಖರ್ಚು ಕಡಿಮೆ.

ತಜ್ಞರು: ಇದನ್ನ ಅಳಿಸಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದೇ ಪೈಪ್ ಗನ್ನಿಂದ ಎಷ್ಟೋ ಮಕ್ಕಳ ಕಣ್ಣಿಗೆ ಏಟಾಯಿತು. ಹೊತ್ತಿಕೊಳ್ಳಲಿಲ್ಲ ಅಂತ ಪೈಪಿನ ಬಾಯಲ್ಲಿ ಇಣುಕಿದಾಗಲೇ ಅದು ಸಿಡಿಯೋದು.

ಕಡೂರು, ಸೂರ್ಯಕಾಂತಿ: ಸರ್, ನಾನು ಹಳೇ ಕಾರಿನ ವೈಪರ್ ಮೋಟರ್‌ಗೆ ಎರಡು ಕಡ್ಡಿ ವೆಲ್ಡ್ ಮಾಡಿಸಿ, ತುದಿಗೆ ಹೊಳೆಯೋ ತಗಡು ಕಟ್ಟಿ ಹೊಲದ ಮಧ್ಯೆ ನಿಲ್ಲಿಸಿದ್ದೆ. ಮೊದಮೊದಲು ಗಿಳಿ ಹತ್ತಿರ ಸುಳೀಲಿಲ್ಲ. ಈಗ ಅದರ ಪಕ್ಕದ ತೆನೆ ಮೇಲೇ ಕೂತು ತಿಂತಾವೆ.

ತಜ್ಞರು: ಒಳ್ಳೇ ಕೆಲಸ ಮಾಡಿದ್ದೀರಿ. ಇಂಗ್ಲೆಂಡಿನ ಮೆಷಿನ್ನೂ ಒಳಗೆ ಹೆಚ್ಚುಕಮ್ಮಿ ಇದೇ, ನೀವು ಅದನ್ನ ಬೆದರಿಸೋಕೆ ಬಳಸಿದ್ದೀರಿ. ತಪ್ಪಿರೋದು ಮೋಟರಲ್ಲಲ್ಲ. ಒಂದೇ ಜಾಗದಲ್ಲಿ, ಒಂದೇ ವೇಗದಲ್ಲಿ ಇಡೀ ದಿನ ತಿರುಗಿದರೆ ಇದರಿಂದ ಅಪಾಯ ಇಲ್ಲ ಅಂತ ಹಕ್ಕಿ ಬೇಗ ಕಲಿತುಬಿಡುತ್ತೆ.

ಗಿಳಿ ಜಾಸ್ತಿ ಮೇಯೋದು ಬೆಳಗ್ಗೆ, ಸಂಜೆ. ಆ ಹೊತ್ತಿಗೆ ಮಾತ್ರ ಓಡಿಸಿ, ಮಧ್ಯಾಹ್ನ ಬಟ್ಟೆ ಮುಚ್ಚಿಡಿ. ನಡುನಡುವೆ ಹೊತ್ತಲ್ಲದ ಹೊತ್ತಲ್ಲಿ ನಿಂತು ಮತ್ತೆ ಶುರುವಾಗೋ ಹಾಗೆ ಟೈಮರ್ ಹಾಕಿಸಿ, ಫ್ಯೂಸ್ ಮರೀಬೇಡಿ. ಎರಡು ದಿನಕ್ಕೊಮ್ಮೆ ಕಂಬದ ಜಾಗ ಬದಲಾಯಿಸಿ. ಜೊತೆಗೆ ಒಂದು ಮುಖ ಕೆಂಪು, ಒಂದು ಮುಖ ಬೆಳ್ಳಿ ಇರೋ ಪ್ರತಿಫಲನ ಪಟ್ಟಿ ಸಿಗುತ್ತೆ. ಅದನ್ನ ಉತ್ತರ–ದಕ್ಷಿಣವಾಗಿ, ಎರಡು ಮೂರು ತಿರುವು ಕೊಟ್ಟು, ಬೆಳೆಗಿಂತ ಸ್ವಲ್ಪ ಮೇಲೆ ಎಳೆದು ಕಟ್ಟಿ. ಬಿಸಿಲಿಗೆ ಮಿನುಗುತ್ತೆ, ಗಾಳಿಗೆ ಗುಂಯ್ ಅನ್ನುತ್ತೆ. ದಿನಕ್ಕೊಂದು ಸಲ ಮನುಷ್ಯ ಹೋಗಿ ತಮಟೆ ಬಡಿದರೆ ಈ ಯಂತ್ರದ ಭಯ ಹಕ್ಕಿಗೆ ಮತ್ತೆ ಬರುತ್ತೆ. ಕಾಳು ಹಾಲು ತುಂಬಿದಾಗಿನಿಂದ ಗಟ್ಟಿಯಾಗೋವರೆಗೆ ಸಾಕು, ಆಮೇಲೆ ಎತ್ತಿಡಿ. ಟೈಮರ್ ಹಾಕಿದ ಮೇಲೆ ಏನಾಯ್ತು ಅಂತ ನನಗೆ ಖಂಡಿತ ಬರೀರಿ.

ಬೇಲೂರಿನವರೇ, ನಿಮಗೂ ಇದೇ. ನಿಮ್ಮ ಜೋಳಕ್ಕೆ ಅಪಾಯ ಮೊಳಕೆ ಎದ್ದು ಬೇರು ಹಿಡಿಯೋವರೆಗೆ. ಅಷ್ಟು ದಿನ ಬೆಳಗಾಗುತ್ತಲೇ ಹೊಲದಲ್ಲಿ ಜನ ಇರಬೇಕು. ಮುಂದಿನ ಸಲ ಕಾಳು ಮೇಲೆ ಕಾಣದ ಹಾಗೆ ಮುಚ್ಚಿ, ಬದುವಿನ ಸಾಲುಗಳಲ್ಲಿ ಒತ್ತಾಗಿ ಬಿತ್ತಿ.

ಮೂಡಿಗೆರೆ, ಕಾಫಿ: ಗಿಳಿ, ನವಿಲು ಎಲ್ಲಾ ಬಯಲುಸೀಮೆಯವರು ಬೇಲಿ ಮರ ಬಿಡದೆ ಕಡಿದಿದ್ದರ ಫಲ. ಗೂಡು ಕಟ್ಟೋ ಮರ ಬಿಟ್ಟಿದ್ದರೆ ಹೊಲಕ್ಕೆ ಯಾಕೆ ಬರ್ತಿದ್ವು?

ಕಡೂರು, ಸೂರ್ಯಕಾಂತಿ: ಕಾಡು ಕಡಿದು ತೋಟ ಮಾಡಿದೋರು ನೀವು. ನಮಗೆ ಪಾಠ ಹೇಳ್ತೀರಾ?

ಮೂಡಿಗೆರೆ, ಕಾಫಿ: ನಮ್ಮ ತೋಟದಲ್ಲಿ ನೆರಳಿನ ಮರ ಇದೆ. ನಿಮ್ಮ ಹೊಲದಲ್ಲಿ ಒಂದು ಜಾಲಿ ತೋರಿಸಿ ನೋಡೋಣ.

ತರೀಕೆರೆ, ಅಡಿಕೆ: ಲೇಸರ್ ಲೈಟಿಗೆ ಇಲಾಖೆಯಿಂದ ಸಬ್ಸಿಡಿ ಇದೆಯಾ ಸರ್?

ಚನ್ನರಾಯಪಟ್ಟಣ, ತೆಂಗು: ಪೇಟೆಯಲ್ಲಿ ಪಾರಿವಾಳಕ್ಕೆ ಮೂಟೆಗಟ್ಟಲೆ ಕಾಳು ಹಾಕೋರನ್ನ ಮೊದಲು ನಿಲ್ಲಿಸಿ. ಅಲ್ಲಿ ಸಂಖ್ಯೆ ಬೆಳೆದು ಇಲ್ಲಿಗೆ ಬರೋದು.

ಹಾಸನ, ಆಲೂಗಡ್ಡೆ: ನಾನು ದಿನಾ ಹಾಕ್ತೀನಿ. ಅದು ಪುಣ್ಯದ ಕೆಲಸ. ನಿಮ್ಮ ಮನೆ ಕಾಳು ಹಾಕಿಲ್ಲ.

ಕಡೂರು, ಸೂರ್ಯಕಾಂತಿ: ಪುಣ್ಯ ನಿಮಗೆ, ನಷ್ಟ ನಮಗಾ?

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಹೊಳೆನರಸೀಪುರ, ಜೋಳ: ಸರ್, ಸೋಲಾರ್ ಅಲ್ಟ್ರಾಸೋನಿಕ್ ಬೇರೆ ಇರುತ್ತಂತೆ, ಅದು?

ತಜ್ಞರು: ಅದೂ ಬೇಡ. ಮೇಲೆ ಬರೆದಿದ್ದೇನೆ.

ಅರಕಲಗೂಡು, ಜೋಳ: ಸರ್, ನಮ್ಮೂರ ವಾಟ್ಸಾಪಲ್ಲಿ ಬಂದ ಹಾಗೆ ಜೋಳದ ನುಚ್ಚಿಗೆ ಕಾರ್ಬೋಫ್ಯುರಾನ್ ಅನ್ನೋ ಕೀಟನಾಶಕದ ಹರಳು ಕಲಸಿ ಬದು ಮೇಲೆ ಇಟ್ಟಿದ್ದೆ. ಬೆಳಗ್ಗೆ ಎರಡು ಬೆಳವ, ಒಂದು ನವಿಲು ಸತ್ತಿದೆ. ಯಾರಿಗೂ ಹೇಳಿಲ್ಲ. ಹೂತು ಬಿಡಲಾ?

ತಜ್ಞರು: ಮೊದಲು ಆ ನುಚ್ಚು ಒಂದು ಕಾಳೂ ಉಳೀದ ಹಾಗೆ ತೆಗೀರಿ. ಕೈಗವಸು ಹಾಕಿ, ಬದಿಯ ಮಣ್ಣಿನ ಸಮೇತ ಕೆರೆದು ಮುಚ್ಚಳ ಇರೋ ಡಬ್ಬಿಗೆ ತುಂಬಿ. ಮಕ್ಕಳು, ದನ, ಕೋಳಿ, ನಾಯಿ ಆ ಕಡೆ ಹೋಗಬಾರದು. ಸತ್ತ ಹಕ್ಕಿ ತಿಂದ ನಾಯಿ, ಹದ್ದು ಕೂಡ ಸಾಯಬಹುದು. ಜೊಲ್ಲು, ವಾಂತಿ, ಕಣ್ಣಲ್ಲಿ ನೀರು, ಮೈ ನಡುಕ, ಉಸಿರು ಕಟ್ಟೋದು ಇದರ ಲಕ್ಷಣ. ಯಾರಿಗೇ ಕಂಡರೂ ಆ ಕೀಟನಾಶಕದ ಖಾಲಿ ಪ್ಯಾಕೆಟ್ ಹಿಡಿದು ನೇರ ಆಸ್ಪತ್ರೆಗೆ. ಉಪ್ಪುನೀರು, ಮಜ್ಜಿಗೆ, ಲಿಂಬೆರಸ ಅಂತ ಫಾರ್ವರ್ಡ್ ನೋಡಿ ಕುಡಿಸಬೇಡಿ, ಅದರಲ್ಲೇ ಹೊತ್ತು ಹೋಗುತ್ತೆ. ಇದಕ್ಕೆ ಅಟ್ರೋಪಿನ್ ಅನ್ನೋ ಮದ್ದು ಇದೆ, ಅದನ್ನ ಕೊಡಬೇಕಾದ್ದು ವೈದ್ಯರು.

ಹೂಳಬೇಡಿ. ಅರಣ್ಯ ಇಲಾಖೆಗೆ ನೀವೇ ಹೇಳಿ. ನವಿಲು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅದನ್ನ ಕೊಲ್ಲೋದು 3ರಿಂದ 7 ವರ್ಷ ಶಿಕ್ಷೆ ಇರೋ ಅಪರಾಧ. ಮುಚ್ಚಿಟ್ಟರೆ ನಿಮಗೆ ಇನ್ನೂ ಕಷ್ಟ. ಮಾತಾಡೋ ಮುಂಚೆ ಒಬ್ಬ ವಕೀಲರನ್ನ ಕೇಳಿ, ಆದರೆ ವಿಷ ತೆಗೆಯೋದಕ್ಕೆ ಅದಕ್ಕೆಲ್ಲ ಕಾಯಬೇಡಿ.

ಆಲೂರು, ಶುಂಠಿ: ಪಾಪ ರೈತ ಏನು ಮಾಡಬೇಕು ಸರ್? ಬೆಳೆ ಹೋದರೆ ಇಲಾಖೆ ಕೊಡುತ್ತಾ?

ತಜ್ಞರು: ಆ ನುಚ್ಚು ಬದು ಮೇಲಿದೆ. ಶಾಲೆ ಮಕ್ಕಳು ಓಡಾಡೋ ಜಾಗ ಅದು. ವಾದ ಆಮೇಲೆ.

ಆಲೂರು, ಶುಂಠಿ: ಕೇಳಿದ್ದಕ್ಕೇ ಕೋಪ ಮಾಡ್ಕೋತೀರ.

ಸಕಲೇಶಪುರ, ಏಲಕ್ಕಿ: ಸರ್, ಆ ಡೀಕಾಯ್ ಮೆಷಿನ್ ಬೆಲೆ ಎಷ್ಟು?

ಅರಕಲಗೂಡು, ಜೋಳ: ಸರ್, ನುಚ್ಚು ತೆಗೆದೆ. ಆದರೆ ಪಕ್ಕದ ಮನೆಯವರ ನಾಯಿ ಹೊಲದ ಕಡೆಯಿಂದ ಬಂದು ಜೊಲ್ಲು ಸುರಿಸ್ತಾ ಇದೆ.

ತಜ್ಞರು: ಪಶು ಆಸ್ಪತ್ರೆಗೆ ಈಗಲೇ ಹೊರಡಿ. ಆ ಪ್ಯಾಕೆಟ್ ಜೊತೇಲಿರಲಿ, ಏನು ತಿಂದಿದೆ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬಾಯಿಗೆ ಏನೂ ಹಾಕಬೇಡಿ, ಜೊಲ್ಲು ಕೈಗೆ ತಾಗಿದರೆ ಸೋಪು ಹಾಕಿ ತೊಳೀರಿ. ಪಕ್ಕದ ಮನೆಯಲ್ಲಿ ಮಕ್ಕಳಿದ್ದಾರಾ? ಅವರಿಗೂ ಈಗಲೇ ಹೇಳಿ.