ಪೇಸ್‌ಮೇಕರ್ ತಂತಿ ಜಾಗ ತಪ್ಪಿದೆಯಾ ಅಂತ ತಿಳಿಯೋದು ಹೇಗೆ?

ಪ್ರಶ್ನೆ (ಮಂಡ್ಯ): ಡಾಕ್ಟ್ರೇ ನಮಸ್ಕಾರ. ನಮ್ಮಪ್ಪಂಗೆ 71 ವರ್ಷ. ಮದ್ದೂರು ಹತ್ರ ಹಳ್ಳಿ, ಈಗಲೂ ಗದ್ದೆಗೆ ನೀರು ಕಟ್ಟೋಕೆ ಅವ್ರೇ ಹೋಗ್ತಾರೆ. ಎದೆಬಡಿತ 35ಕ್ಕೆ ಇಳಿದು ಬದುವಿನ ಮೇಲೇ ಬಿದ್ದಿದ್ರು. ಮೂರು ವಾರದ ಹಿಂದೆ ಒಂದು ಆಸ್ಪತ್ರೆಲಿ ಪೇಸ್‌ಮೇಕರ್ ಹಾಕಿದ್ರು, ಸುಸ್ತು ಹೋಗಿ ಚೆನ್ನಾಗೇ ಇದ್ರು. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯೋಕೆ ಬಲಗೈ ಏಳ್ಲಿಲ್ಲ, ಮಾತು ತೊದಲಿತು. ಹತ್ತು ನಿಮಿಷಕ್ಕೆ ಸರಿಹೋಯ್ತು. ಮಂಡ್ಯದಲ್ಲಿ ಒಬ್ಬ ಡಾಕ್ಟ್ರು ಇಸಿಜಿ ನೋಡಿ "ತಂತಿ ಬೇರೆ ಕಡೆ ಇರೋ ಹಾಗಿದೆ, ನೋಡಿಸಿ" ಅಂದ್ರು. ಹಾಕಿದ ಕಡೆ ಕೇಳಿದ್ರೆ ಮೆಷಿನ್ ಚೆಕ್ ಮಾಡಿ ಎಲ್ಲಾ ನಾರ್ಮಲ್ ಅಂತ ಕಳಿಸಿದ್ರು. ಯಾರ ಮಾತು ನಂಬೋದು?

ಉತ್ತರ: ನೋಡಮ್ಮಾ, ಮೊದಲು ಒಂದು ಮಾತು. ಕೈ ಸೋತು ಮಾತು ತೊದಲಿ ಹತ್ತೇ ನಿಮಿಷಕ್ಕೆ ಸರಿಹೋದ್ರೂ ಅದು ಮಿನಿ ಸ್ಟ್ರೋಕ್. ದೊಡ್ಡದು ಬೆನ್ನಿಗೇ ಬರಬಹುದು. ನಾಳೆ ಅನ್ನಬೇಡಿ, ಇವತ್ತೇ ಹೊರಡಿ. ಮೈಸೂರಿಗೆ ಬರೋದಾದ್ರೆ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಬನ್ನಿ. ಪೇಸ್‌ಮೇಕರ್ ಕಾರ್ಡು, ಹಳೇ ಇಸಿಜಿ ಎಲ್ಲಾ ಜೊತೆಗಿರಲಿ.

ಮಂಡ್ಯದ ಡಾಕ್ಟ್ರ ಅನುಮಾನಕ್ಕೆ ಅರ್ಥ ಇದೆ. ಮೆಷಿನ್ ಚೆಕ್ ಮಾಡಿದವರೂ ಸುಳ್ಳು ಹೇಳಿಲ್ಲ. ಆ ಚೆಕ್ ತೋರಿಸೋದು ಬ್ಯಾಟರಿ ಎಷ್ಟಿದೆ, ಎಷ್ಟು ವೋಲ್ಟ್‌ಗೆ ಹೃದಯ ಬಡೀತಿದೆ, ತಂತಿ ತುಂಡಾಗಿದೆಯಾ ಅಂತ. ತಂತಿ ಯಾವ ಕೋಣೆಲಿದೆ ಅಂತ ಅದು ಹೇಳಲ್ಲ. ಎಡ ಕೋಣೆಲಿದ್ರೂ ಹೃದಯ ಚೆನ್ನಾಗೇ ಬಡಿಯುತ್ತೆ. ಇದು ಎಷ್ಟೋ ತಿಂಗಳು ಗೊತ್ತಾಗದೆ ಉಳಿಯೋದು ಅದಕ್ಕೇ.

ತಂತಿ ಭುಜದ ಕೆಳಗಿನ ಅಶುದ್ಧ ರಕ್ತನಾಳದಿಂದ ಇಳಿದು ಬಲ ಮೇಲ್ಕೋಣೆ, ಅಲ್ಲಿಂದ ಬಲ ಕೆಳಕೋಣೆ ಸೇರಬೇಕು. ಆದರೆ ನಾಲ್ಕರಲ್ಲಿ ಒಬ್ಬರಿಗೆ ಎರಡು ಮೇಲ್ಕೋಣೆಗಳ ನಡುವೆ ಗರ್ಭದಲ್ಲಿದ್ದ ಕಿಂಡಿ ಪೂರ್ತಿ ಮುಚ್ಚಿರಲ್ಲ. ತಂತಿ ಅದರೊಳಗೆ ನುಸುಳಿದ್ರೆ ಎಡಗಡೆಗೆ ಹೋಗುತ್ತೆ. ಸೂಜಿ ಪಕ್ಕದ ಶುದ್ಧ ರಕ್ತನಾಳಕ್ಕೆ ಬಿದ್ರೂ ಅಷ್ಟೇ. ಎಡಗಡೆ ತಂತಿ ಮೇಲೆ ಹೆಪ್ಪು ಕಟ್ಟಿದ್ರೆ ಅದು ನೇರ ಮೆದುಳಿಗೆ ಹೋಗಬಹುದು.

ಇಸಿಜಿಯಲ್ಲಿ ವಿ1 ಅನ್ನೋ ಗೆರೆ ನೋಡಿ. ತಂತಿ ಬಲಗಡೆ ಇದ್ರೆ ಅದು ಸಾಮಾನ್ಯವಾಗಿ ಕೆಳಕ್ಕೆ ಆಳವಾಗಿ ಇಳಿದಿರುತ್ತೆ, ಎಡಗಡೆ ಇದ್ರೆ ಮೇಲಕ್ಕೆ ಎದ್ದು ನಿಂತಿರುತ್ತೆ. ಒಂದೇ ಇಸಿಜಿಗೆ ಗಾಬರಿ ಬೇಡ, ಎದೆಗೆ ಹಾಕೋ ಸ್ಟಿಕ್ಕರ್ ಇರಬೇಕಾದ ಜಾಗಕ್ಕಿಂತ ಮೇಲಕ್ಕೆ ಅಂಟಿಸಿದ್ರೂ ಹಾಗೆ ಕಾಣಬಹುದು. ವಿ1, ವಿ2 ಸ್ಟಿಕ್ಕರ್ ಒಂದು ಪಕ್ಕೆಲುಬು ಕೆಳಗಿಟ್ಟು ಇನ್ನೊಂದು ಸಲ ತೆಗೀರಿ ಅಂತ ಕೇಳಿ.

ಆಮೇಲೆ ಪಕ್ಕದಿಂದ ಒಂದು ಎಕ್ಸ್‌ರೇ. ಎದುರಿನಿಂದ ಮಾತ್ರ ತೆಗೆದ್ರೆ ಎರಡೂ ಜಾಗ ಒಂದೇ ಥರ ಕಾಣುತ್ತೆ. ಪಕ್ಕದಿಂದ ತೆಗೆದಾಗ ತಂತಿ ತುದಿ ಎದೆಮೂಳೆ ಕಡೆ ಇದ್ರೆ ಸರಿ, ಬೆನ್ನಿನ ಕಡೆ ತಿರುಗಿದ್ರೆ ಅನುಮಾನ. ಅಷ್ಟು ಅಗ್ಗದ ಪರೀಕ್ಷೆ, ಡಿಸ್ಚಾರ್ಜ್‌ಗೆ ಮುಂಚೆ ಎಲ್ಲರಿಗೂ ಮಾಡಬೇಕು ಅನ್ನೋದು ನನ್ನ ಹಠ. ಹಾಕಿ ಮೂರೇ ವಾರ ಆಗಿರೋದ್ರಿಂದ ಎಕ್ಸ್‌ರೇ ತೆಗೆಯುವಾಗ ಅಪ್ಪನ ಪೇಸ್‌ಮೇಕರ್ ಇರೋ ಕಡೆಯ ಕೈ ತಲೆ ಮೇಲೆ ಎತ್ತಿಸಬೇಡಿ, ಮುಂದಕ್ಕೆ ಚಾಚಿದ್ರೆ ಸಾಕು. ಖಚಿತ ಮಾಡೋದು ಎಕೋದಲ್ಲಿ, ಅಂದ್ರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ.

ಇನ್ನೊಬ್ಬರು (ಮೈಸೂರು): ಸಾರ್, ನಮ್ಮತ್ತೆ ಕೂತಲ್ಲಿ ಪೇಸ್‌ಮೇಕರ್ ಡಬ್ಬಿನ ಒತ್ತಿ ಒತ್ತಿ ತಿರುಗಿಸ್ತಿರ್ತಾರೆ. ಒಂದು ವಾರದಿಂದ ಬಿಕ್ಕಳಿಕೆ ನಿಲ್ತಿಲ್ಲ. ಸಂಬಂಧ ಇದೆಯಾ?

ಉತ್ತರ: ಇರಬಹುದು. ಡಬ್ಬಿ ತಿರುಗಿದ್ರೆ ತಂತಿ ಅದಕ್ಕೆ ಸುತ್ತಿಕೊಂಡು ಹಿಂದಕ್ಕೆ ಎಳೆದುಕೊಳ್ಳುತ್ತೆ. ತುದಿ ವಪೆಯ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ನರದ ಹತ್ತಿರ ಬಂದ್ರೆ ಪ್ರತಿ ಬಡಿತಕ್ಕೂ ಬಿಕ್ಕಳಿಕೆ. ಪೇಸ್‌ಮೇಕರ್ ನಂಬಿಕೊಂಡೇ ಬಡಿಯೋ ಹೃದಯ ಆದ್ರೆ ಅಪಾಯ. ಇವತ್ತೇ ಎಕ್ಸ್‌ರೇ, ಮೆಷಿನ್ ಚೆಕ್ ಎರಡೂ ಮಾಡಿಸಿ.

ಮಂಡ್ಯ: ಡಾಕ್ಟ್ರೇ, ಅವತ್ತೇ ಮೈಸೂರಿಗೆ ಕರ್ಕೊಂಡು ಹೋದ್ವಿ. ಪಕ್ಕದ ಎಕ್ಸ್‌ರೇಲಿ ತಂತಿ ಬೆನ್ನಿನ ಕಡೆ ಇದೆ. ಎಕೋಲೂ ಎಡ ಕೋಣೆ ಅಂತಲೇ ಬಂತು. ತಲೆ ಸಿಟಿಲಿ ರಕ್ತಸ್ರಾವ ಇಲ್ಲ, ರಕ್ತ ತೆಳು ಮಾಡೋ ಇಂಜೆಕ್ಷನ್ ಶುರು ಮಾಡಿದಾರೆ. ತಂತಿ ಎಳೆದು ತೆಗೆದ್ರೆ ಆಗಲ್ವಾ?

ಉತ್ತರ: ಬೇಗ ಕರ್ಕೊಂಡು ಹೋಗಿ ಒಳ್ಳೇದು ಮಾಡಿದ್ರಿ. ಹಾಕಿದ ಒಂದೆರಡು ದಿನಕ್ಕೇ ಗೊತ್ತಾಗಿದ್ರೆ ಹೊಲಿಗೆ ಬಿಚ್ಚಿ ತಂತಿ ಹಿಂದಕ್ಕೆ ತಂದು ಬಲಗಡೆ ಕೂರಿಸೋದು ಸುಲಭವಿತ್ತು. ಈಗ ಅದರ ಮೇಲೆ ಹೆಪ್ಪಿದ್ರೆ ಎಳೆಯುವಾಗ ಕಿತ್ತು ಮೆದುಳಿಗೆ ಹೋಗಬಹುದು. ಅದಕ್ಕೆ ಅನ್ನನಾಳದೊಳಗಿಂದ ಎಕೋ ಮಾಡಿ ಹೆಪ್ಪು ಇದೆಯಾ ನೋಡ್ತಾರೆ. ಇಲ್ಲದಿದ್ರೆ, ಮೂರು ವಾರಕ್ಕೆ ತಂತಿ ಹೆಚ್ಚು ಅಂಟಿರಲ್ಲ, ತೆಗೆದು ಬೇರೆ ಹಾಕೋ ಅವಕಾಶ ಇದೆ. ಇದ್ರೆ ಮೊದಲು ಔಷಧಿಯಿಂದ ಕರಗಿಸೋಕೆ ನೋಡ್ತಾರೆ, ಇಲ್ಲಾ ಎದೆ ತೆರೆದು ತೆಗೆಯೋದನ್ನ ಸರ್ಜನ್ ಜೊತೆ ಕೂತು ತೀರ್ಮಾನ ಮಾಡ್ತಾರೆ. ವರ್ಷಗಟ್ಟಲೆ ಕಳೆದವರಲ್ಲಿ ತಂತಿ ಹಾಗೇ ಬಿಟ್ಟು ಜೀವನಪೂರ್ತಿ ವಾರ್ಫರಿನ್ ಅನ್ನೋ ರಕ್ತ ತೆಳು ಮಾಡೋ ಮಾತ್ರೆ ಕೊಡೋದೂ ಇದೆ.

ವಾರ್ಫರಿನ್ ಶುರುವಾದ್ರೆ ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸೋ ಐಎನ್ಆರ್ ರಕ್ತಪರೀಕ್ಷೆ ತಪ್ಪಿಸಬೇಡಿ. ಸೊಪ್ಪಿನ ಸಾರು ಬಿಡೋದು ಬೇಡ, ದಿನಾ ತಿನ್ನೋ ಅಷ್ಟೇ ತಿನ್ನಲಿ. ಒಂದು ವಾರ ಬಿಟ್ಟು ಮುಂದಿನ ವಾರ ಬಟ್ಟಲುಗಟ್ಟಲೆ ತಿಂದ್ರೆ ಲೆಕ್ಕ ತಪ್ಪುತ್ತೆ. ಮಂಡಿನೋವು ಅಂತ ಮೆಡಿಕಲ್ ಸ್ಟೋರಿಂದ ಮಾತ್ರೆ ತಂದು ನುಂಗಬಾರದು. ಅನ್ನನಾಳದ ಎಕೋ ರಿಪೋರ್ಟ್ ಬಂದ ಕೂಡಲೇ ಇಲ್ಲಿ ಬರೀರಿ, ರಾತ್ರಿಯಾದ್ರೂ ನೋಡ್ತೀನಿ.