ಪದಚರ್ಚೆ: ‘ಫಂಕ್ಷನಲ್ ಟ್ಯೂಮರ್’, ‘ಸಪ್ರೆಷನ್ ಟೆಸ್ಟ್’ಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಅಪರೂಪದ ಹಾರ್ಮೋನು ಕಾಯಿಲೆಗಳನ್ನು ಪತ್ತೆಮಾಡುವ ಬಗೆ ತಿಳಿಸುವ, ರೋಗಿಗಳ ಕೈಗೆ ಕೊಡುವ ಮಾಹಿತಿಪತ್ರವೊಂದು ಕನ್ನಡಕ್ಕೆ ಬರುತ್ತಿದೆ. ಮೂರು ಕಡೆ ಪದ ಕೂರುತ್ತಿಲ್ಲ. ಕರಡಿನಲ್ಲಿ ‘ಫಂಕ್ಷನಲ್ ಟ್ಯೂಮರ್’ಗೆ ‘ಕ್ರಿಯಾಶೀಲ ಗೆಡ್ಡೆ’, ‘ಸಪ್ರೆಷನ್ ಟೆಸ್ಟ್’ಗೆ ‘ನಿಗ್ರಹ ಪರೀಕ್ಷೆ’, ‘ಇನ್ಸಿಡೆಂಟಲೋಮ’ಕ್ಕೆ ‘ಆಕಸ್ಮಿಕ ಗೆಡ್ಡೆ’ ಎಂದಿದೆ. ನಿಘಂಟು ಹಿಡಿದು ನೋಡಿದರೆ ಯಾವುದೂ ತಪ್ಪಲ್ಲ. ಆದರೆ ಓದಿದವರು ಬೇರೇನೋ ತಿಳಿದಾರು ಎಂಬ ಅಳುಕಿದೆ. ಇವುಗಳ ಬದಲು ಏನು ಬರೆಯಬಹುದು?

ಉತ್ತರ 1

ಅಳುಕು ಸರಿಯಾದದ್ದೇ. ಗೆಡ್ಡೆ ‘ಕ್ರಿಯಾಶೀಲ’ವಾಗಿದೆ ಎಂದೊಡನೆ ಅದು ಬೆಳೆಯುತ್ತಿದೆ, ಹರಡುತ್ತಿದೆ, ಅಂದರೆ ಕ್ಯಾನ್ಸರೇ ಎಂದು ಮನಸ್ಸು ಓಡುತ್ತದೆ. ವೈದ್ಯರು ಹೇಳುತ್ತಿರುವುದು ಅದನ್ನಲ್ಲ; ಗೆಡ್ಡೆ ಹಾರ್ಮೋನು ಸುರಿಸುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ. ಒಂದೂವರೆ ಸೆಂಟಿಮೀಟರಿನ, ಎಲ್ಲಿಗೂ ಹರಡದ ಇನ್ಸುಲಿನೋಮ (ಇನ್ಸುಲಿನ್ ಸುರಿಸುವ ಗೆಡ್ಡೆ) ರಕ್ತದ ಸಕ್ಕರೆ ಇಳಿಸಿ ಮನುಷ್ಯನನ್ನು ಪ್ರಜ್ಞೆ ತಪ್ಪಿಸಬಲ್ಲದು. ಅದರ ಎರಡರಷ್ಟು ದೊಡ್ಡದಾದ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗೆಡ್ಡೆ ಯಾವ ಹಾರ್ಮೋನನ್ನೂ ಹೆಚ್ಚಿಗೆ ಸುರಿಸದೆ, ಬರೀ ಕಣ್ಣಿನ ನರಗಳನ್ನು ಒತ್ತಿ, ಎಡ ಬಲ ಪಕ್ಕಗಳ ನೋಟ ಕಳೆಯಬಹುದು. ಹಾಗಾಗಿ ‘ಹಾರ್ಮೋನು ಸುರಿಸುವ ಗೆಡ್ಡೆ’, ‘ಹಾರ್ಮೋನು ಸುರಿಸದ ಗೆಡ್ಡೆ’ ಎಂದೇ ಬರೆಯಿರಿ. ‘ಸ್ರವಿಸುವ’ ಎಂದರೂ ಆದೀತು, ಆದರೆ ಅದನ್ನು ಕೇಳಿದವರಿಗೆ ರಕ್ತಸ್ರಾವ ನೆನಪಾಗುವುದೇ ಹೆಚ್ಚು.

‘ನಿಗ್ರಹ ಪರೀಕ್ಷೆ’ಯ ಹತ್ತಿರ ಸ್ವಲ್ಪ ನಿಲ್ಲಬೇಕು. ನಮ್ಮ ‘ಅಂಕೆ’ ಎಂಬ ಮಾತಿಗೆ ಎರಡು ಅರ್ಥ. ಒಂದು ಎಣಿಕೆಯ ಅಂಕೆ, ಇನ್ನೊಂದು ‘ಅಂಕೆಯಿಲ್ಲದ ಕಪಿ’ ಎನ್ನುವಾಗಿನ ಹತೋಟಿ. ಹಾರ್ಮೋನು ರೋಗಗಳ ಪತ್ತೆಯಲ್ಲಿ ಮೊದಲನೆಯ ಅಂಕೆಯೊಂದೇ ಸಾಲದು, ಎರಡನೆಯದು ತಿಳಿಯಬೇಕು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನಾದ ಕಾರ್ಟಿಸೋಲ್ ಬೆಳಗಿನ ಹೊತ್ತು ಏರಿ ನಡುರಾತ್ರಿ ತಳ ಮುಟ್ಟುತ್ತದೆ. ಬೆಳವಣಿಗೆಯ ಹಾರ್ಮೋನು ದಿನವಿಡೀ ಬಿಟ್ಟುಬಿಟ್ಟು ಚಿಮ್ಮುತ್ತದೆ. ಯಾವುದೋ ಹೊತ್ತಿನಲ್ಲಿ ತೆಗೆದ ರಕ್ತದ ಒಂದು ಸಂಖ್ಯೆ ಇವುಗಳ ವಿಷಯದಲ್ಲಿ ಹೆಚ್ಚೇನೂ ಹೇಳದು. ಅದಕ್ಕೇ ಹೆಚ್ಚಾಗಿದೆ ಎಂಬ ಅನುಮಾನವಿದ್ದರೆ ತಗ್ಗಿಸಿ ನೋಡುತ್ತಾರೆ, ಕಡಿಮೆಯಾಗಿದೆ ಎಂಬ ಅನುಮಾನವಿದ್ದರೆ ಎಬ್ಬಿಸಿ ನೋಡುತ್ತಾರೆ. ಪರೀಕ್ಷೆಯ ಹೆಸರೂ ಅದೇ ಇರಲಿ: ‘ತಗ್ಗಿಸಿ ನೋಡುವ ಪರೀಕ್ಷೆ’, ‘ಎಬ್ಬಿಸಿ ನೋಡುವ ಪರೀಕ್ಷೆ’.

ಡೆಕ್ಸಾಮೆಥಾಸೋನ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಕಾರ್ಟಿಸೋಲಿನಂತೆ ಕೆಲಸ ಮಾಡುವ ಈ ಸ್ಟೆರಾಯ್ಡ್ ಮಾತ್ರೆಯನ್ನು ರಾತ್ರಿ 11ರಿಂದ 12ರೊಳಗೆ 1 ಮಿ.ಗ್ರಾಂ. ನುಂಗಬೇಕು, ಬೆಳಿಗ್ಗೆ 8ರಿಂದ 9ರೊಳಗೆ ರಕ್ತ ಕೊಡಬೇಕು. ಆರೋಗ್ಯವಂತರಲ್ಲಿ ಪಿಟ್ಯುಟರಿ ಈ ಮಾತ್ರೆಯನ್ನು ಕಾರ್ಟಿಸೋಲ್ ಎಂದೇ ಬಗೆದು ಕಾರ್ಟಿಸೋಲ್ ಸುರಿಸಲು ಅಡ್ರಿನಲ್ ಗ್ರಂಥಿಗೆ ಹೇಳುವ ತನ್ನ ಎಸಿಟಿಎಚ್ ಹಾರ್ಮೋನನ್ನು ನಿಲ್ಲಿಸುತ್ತದೆ. ಬೆಳಗಿನ ಕಾರ್ಟಿಸೋಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂಗಿಂತ ಕೆಳಗಿಳಿಯುತ್ತದೆ. ಕುಶಿಂಗ್ ಸಿಂಡ್ರೋಮ್ (ಕಾರ್ಟಿಸೋಲ್ ಅತಿಯಾದ ಸ್ಥಿತಿ) ಇದ್ದವರಲ್ಲಿ ಹಾಗೆ ಇಳಿಯುವುದಿಲ್ಲ. ಇದನ್ನು ‘ನಿಗ್ರಹ ಪರೀಕ್ಷೆ’ ಎಂದರೆ ಮಾತ್ರೆ ರೋಗವನ್ನು ನಿಗ್ರಹಿಸಲು ಕೊಟ್ಟದ್ದು ಎಂದು ರೋಗಿ ತಿಳಿಯಬಹುದು. ಫಲಿತಾಂಶಕ್ಕೂ ‘ಪಾಸಿಟಿವ್’ ಬೇಡ, ‘ತಗ್ಗಿತು’, ‘ತಗ್ಗಲಿಲ್ಲ’ ಎಂದರೆ ಸಾಕು.

‘ತಗ್ಗಲಿಲ್ಲ’ ಎಂದ ಕೂಡಲೇ ರೋಗ ಖಚಿತವೂ ಅಲ್ಲ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಕಾರ್ಟಿಸೋಲನ್ನು ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುವುದರಿಂದ ಸಂಖ್ಯೆ ಸುಮ್ಮನೆ ಮೇಲೇರುತ್ತದೆ. ಅದನ್ನು ಆರು ವಾರ ನಿಲ್ಲಿಸಿ ಪರೀಕ್ಷೆ ಮಾಡುವುದು ವಾಡಿಕೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಸೇವಿಸುವವರಲ್ಲಿ ಡೆಕ್ಸಾಮೆಥಾಸೋನ್ ಬೇಗ ಕರಗಿಹೋಗಿ ಬೆಳಗಿನವರೆಗೆ ಸಾಕಷ್ಟು ಉಳಿಯದಿರಬಹುದು. ಮಾತ್ರೆ ನುಂಗಲು ಮರೆತವರೂ ಇದೇ ಗುಂಪಿಗೆ ಸೇರುತ್ತಾರೆ. ಆದ್ದರಿಂದ ತಡರಾತ್ರಿಯ ಜೊಲ್ಲಿನ ಕಾರ್ಟಿಸೋಲನ್ನೋ 24 ಗಂಟೆಯ ಮೂತ್ರದ ಕಾರ್ಟಿಸೋಲನ್ನೋ ಎರಡು ಸಲವಾದರೂ ನೋಡುತ್ತಾರೆ. ಇವೆಲ್ಲಕ್ಕೂ ಮೊದಲು, ಸ್ಟೆರಾಯ್ಡ್ ಯಾವ ದಾರಿಯಿಂದಾದರೂ ಮೈಗೆ ಹೋಗುತ್ತಿದೆಯೇ ಎಂದು ಕೇಳಬೇಕು: ಮುಲಾಮು, ಇನ್‌ಹೇಲರ್, ಕೀಲಿಗೆ ಕೊಟ್ಟ ಇಂಜೆಕ್ಷನ್. ಮಾಹಿತಿಪತ್ರದಲ್ಲಿ ಈ ಪ್ರಶ್ನೆ ದಪ್ಪಕ್ಷರದಲ್ಲಿರಲಿ.

‘ತಗ್ಗಿಸಿ ನೋಡುವ’ ಎಂಬ ಮಾತು ಬೇರೆ ಪರೀಕ್ಷೆಗಳಿಗೂ ಒಗ್ಗುತ್ತದೆ. ಅಕ್ರೋಮೆಗಲಿಯ (ಬೆಳವಣಿಗೆಯ ಹಾರ್ಮೋನು ಅತಿಯಾಗುವ ಕಾಯಿಲೆ) ಅನುಮಾನವಿದ್ದು, ಆ ಹಾರ್ಮೋನಿನಿಂದ ಏರುವ ಐಜಿಎಫ್-1 ಎಂಬ ಅಂಶ ರಕ್ತದಲ್ಲಿ ಸ್ವಲ್ಪವೇ ಮೇಲಿದ್ದಾಗ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಕಾಲ ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಗ್ಲೂಕೋಸಿಗೆ ಬೆಳವಣಿಗೆಯ ಹಾರ್ಮೋನು ಮಿಲಿಲೀಟರಿಗೆ 1 ನ್ಯಾನೋಗ್ರಾಂಗಿಂತ ಕೆಳಗೆ ತಗ್ಗಬೇಕು. ‘ನಿಗ್ರಹ’ ಎಂದಿದ್ದರೆ ಸಕ್ಕರೆ ಯಾವುದನ್ನು ನಿಗ್ರಹಿಸಿತು ಎಂದು ಓದುಗರು ಒದ್ದಾಡಬೇಕಿತ್ತು.

ನೀವು ಕೇಳದ ಒಂದು ಪದವನ್ನೂ ಎತ್ತಬೇಕು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಅದೇ: ‘ನಾರ್ಮಲ್’. ಕ್ಯಾಲ್ಸಿಯಂ ಡೆಸಿಲೀಟರಿಗೆ 11.5 ಮಿ.ಗ್ರಾಂ., ಅಂದರೆ ಮಿತಿಗಿಂತ ಹೆಚ್ಚು ಇದ್ದು, ಕ್ಯಾಲ್ಸಿಯಂ ಏರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನು ಮಿಲಿಲೀಟರಿಗೆ 50 ಪಿಕೋಗ್ರಾಂ ಇದೆ ಎನ್ನಿ. ಪಕ್ಕದಲ್ಲಿ ಅಚ್ಚಾದ ಮಿತಿ 15ರಿಂದ 65, ಹಾಗಾಗಿ ವರದಿಯಲ್ಲಿ ಗುರುತು ಬೀಳುವುದಿಲ್ಲ. ಆದರೆ ಕ್ಯಾಲ್ಸಿಯಂ ಅಷ್ಟು ಏರಿದಾಗ ಆ ಹಾರ್ಮೋನು ಬಾಲ ಮುದುರಿಕೊಂಡಿರಬೇಕಿತ್ತು. 50 ಎಂದರೆ ಅದು ಅಂಕೆ ತಪ್ಪಿದೆ. ಇನ್ಸುಲಿನೋಮದಲ್ಲೂ ಇದೇ ಕಥೆ. 72 ಗಂಟೆಯವರೆಗಿನ ಉಪವಾಸ ಪರೀಕ್ಷೆಯಲ್ಲಿ ರೋಗಲಕ್ಷಣಗಳ ಜೊತೆ ಸಕ್ಕರೆ ಡೆಸಿಲೀಟರಿಗೆ 55 ಮಿ.ಗ್ರಾಂ.ಗಿಂತ ಇಳಿದಾಗ ಇನ್ಸುಲಿನ್ ಮಿಲಿಲೀಟರಿಗೆ 3 ಮೈಕ್ರೋಯೂನಿಟ್ ಇದ್ದರೂ ಅದು ಹೆಚ್ಚೇ, ಉಂಡ ಮನುಷ್ಯನಲ್ಲಾದರೆ ಅದರ ಹತ್ತು ಪಟ್ಟು ಇದ್ದರೂ ಸಹಜವಾಗಿರಬಹುದು. ಜೊತೆಗೆ ಸಿ-ಪೆಪ್ಟೈಡ್ (ಮೈಯೊಳಗೆ ಇನ್ಸುಲಿನ್ ಹುಟ್ಟುವಾಗ ಅದರ ಜೊತೆಗೇ ಹೊರಬರುವ ತುಣುಕು) ಮಿಲಿಲೀಟರಿಗೆ 0.6 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ಸುಲಿನ್ ಮೈಯೊಳಗೇ ಹುಟ್ಟಿದ್ದು. ಸೂಜಿಯಿಂದ ಹೋದ ಇನ್ಸುಲಿನ್ ಸಿ-ಪೆಪ್ಟೈಡನ್ನು ತರುವುದಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ಕೊಡುವ ಸಲ್ಫೊನಿಲ್ಯೂರಿಯಾ ಮಾತ್ರೆಗಳು ಎರಡನ್ನೂ ಏರಿಸುವುದರಿಂದ ಅದೇ ರಕ್ತದಲ್ಲಿ ಅವುಗಳನ್ನೂ ಹುಡುಕಬೇಕು. ಇಂಥ ಕಡೆ ‘ಸಹಜ’ ಎಂಬ ಅನುವಾದ ಬೇಡ. ‘ಮಿತಿಯೊಳಗಿದೆ, ಆದರೆ ತಗ್ಗಬೇಕಿತ್ತು’ ಎಂದು ಬಿಡಿಸಿ ಬರೆಯಿರಿ.

ಉತ್ತರ 2

ಮೇಲಿನದಕ್ಕೆ ಒಪ್ಪಿಗೆ. ‘ಆಕಸ್ಮಿಕ ಗೆಡ್ಡೆ’ ಖಂಡಿತ ಬೇಡ, ಗೆಡ್ಡೆಯೇ ನಿನ್ನೆ ಮೊನ್ನೆ ಇದ್ದಕ್ಕಿದ್ದಂತೆ ಹುಟ್ಟಿತು ಎಂಬಂತಿದೆ. ಆಕಸ್ಮಿಕವಾಗಿದ್ದು ಅದು ಕಣ್ಣಿಗೆ ಬಿದ್ದದ್ದು. ಒಂದೇ ಪದಕ್ಕೆ ಹಟ ಹಿಡಿಯದೆ ‘ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಕಂಡ ಗೆಡ್ಡೆ’ ಎನ್ನಿ. ಅದು ಅಡ್ರಿನಲ್ ಗ್ರಂಥಿಯದಾದರೆ ಕೇಳಬೇಕಾದ ಪ್ರಶ್ನೆಗಳೂ ಎರಡೇ: ಕ್ಯಾನ್ಸರೇ? ಹಾರ್ಮೋನು ಸುರಿಸುತ್ತಿದೆಯೇ? ಔಷಧ ಚುಚ್ಚದೆ ತೆಗೆದ ಸಿ.ಟಿ.ಯಲ್ಲಿ ಸಾಂದ್ರತೆ ಒಂದೇ ಸಮನಾಗಿ 10 ಹೌನ್ಸ್‌ಫೀಲ್ಡ್ (ಸಿ.ಟಿ.ಯಲ್ಲಿ ಸಾಂದ್ರತೆಯ ಅಳತೆ) ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೊಬ್ಬು ತುಂಬಿದ ನಿರಪಾಯದ ಗೆಡ್ಡೆ. ಅದಕ್ಕಿಂತ ಹೆಚ್ಚಿದ್ದರೆ ಫಿಯೋಕ್ರೋಮೋಸೈಟೋಮ (ಅಡ್ರಿನಲಿನ್‌ನಂಥ ಹಾರ್ಮೋನು ಸುರಿಸುವ ಗೆಡ್ಡೆ) ಇರಬಹುದೆಂದು, ಆ ಹಾರ್ಮೋನುಗಳಿಂದ ಹುಟ್ಟುವ ಮೆಟನೆಫ್ರಿನ್ ನೋಡಲೇಬೇಕು. ಅದರ ರಕ್ತ ತೆಗೆಯುವ ಮೊದಲು ಇಪ್ಪತ್ತು ಮೂವತ್ತು ನಿಮಿಷ ಮಲಗಿರಬೇಕು. ಕೂತು ಕೊಟ್ಟ ರಕ್ತದಲ್ಲಿ ಸುಳ್ಳು ಏರಿಕೆ ಕಾಣಬಹುದು.

‘ಎಬ್ಬಿಸಿ ನೋಡುವ’ ಎಂಬುದು ಒಳ್ಳೆಯ ಆಯ್ಕೆ. ‘ಕೆಣಕಿ ನೋಡುವ’ ಎಂದು ಬರೆಯುವ ಆಸೆಯಾದರೆ ತಡೆಯಿರಿ, ಆ ಕ್ರಿಯಾಪದ ಫಿಯೋಕ್ರೋಮೋಸೈಟೋಮಕ್ಕೇ ಮೀಸಲಿರಲಿ. ಅದನ್ನು ನಿಜಕ್ಕೂ ಕೆಣಕಬಾರದು. ತುಣುಕು ತೆಗೆಯಲು ಸೂಜಿ ಹಾಕಿದರೂ, ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್ ಔಷಧ ಕೊಡದೆ ಮೊದಲೇ ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಕೊಟ್ಟರೂ ರಕ್ತದೊತ್ತಡ ಜೀವಕ್ಕೆ ಎರವಾಗುವಷ್ಟು ಜಿಗಿಯಬಹುದು.

‘ಫಿಯೋಕ್ರೋಮೋಸೈಟೋಮ’ ಎಂಬ ಹೆಸರನ್ನು ಅನುವಾದಿಸಲೂ ಹೋಗಬೇಡಿ. ಗ್ರೀಕಿನಲ್ಲಿ ‘ಫಾಯೋಸ್’ ಎಂದರೆ ಮಬ್ಬುಗಂದು, ‘ಕ್ರೋಮ’ ಎಂದರೆ ಬಣ್ಣ. ಕ್ರೋಮಿಯಂ ಲವಣ ತಾಗಿದಾಗ ಈ ಜೀವಕೋಶಗಳು ಕಂದಾಗುವುದರಿಂದ 1912ರಲ್ಲಿ ಲುಡ್ವಿಗ್ ಪಿಕ್ ಹೀಗೆ ಕರೆದರು. ‘ಕಂದು ಗೆಡ್ಡೆ’ ಎಂದರೆ ರೋಗಿಗೆ ಏನೂ ತಿಳಿಯದು. ಸಾಲದ್ದಕ್ಕೆ ‘ಬ್ರೌನ್ ಟ್ಯೂಮರ್’ ಎಂಬುದು ಬೇರೆಯೇ ಇದೆ, ಪ್ಯಾರಾಥೈರಾಯ್ಡ್ ಹಾರ್ಮೋನು ಅತಿಯಾದಾಗ ಮೂಳೆಯಲ್ಲಾಗುವಂಥದ್ದು.

ಇನ್ನೊಂದು: ಕರಡಿನಲ್ಲಿ ಎಲ್ಲ ಕಡೆ ‘ಕುಶಿಂಗ್ ರೋಗ’ ಎಂದಿದ್ದರೆ ಒಡೆದು ನೋಡಿ. ಮೂಲ ಯಾವುದೇ ಇರಲಿ, ಕಾರ್ಟಿಸೋಲ್ ಅತಿಯಾದರೆ ಕುಶಿಂಗ್ ಸಿಂಡ್ರೋಮ್. ಪಿಟ್ಯುಟರಿಯ ಗೆಡ್ಡೆಯಿಂದಲೇ ಆದದ್ದು ಮಾತ್ರ ಕುಶಿಂಗ್ ಕಾಯಿಲೆ.

ಪ್ರಶ್ನೆ ಕೇಳಿದವರು

ವಂದನೆ. ತಿದ್ದಿದ ಸಾಲುಗಳು ಹೀಗಿವೆ: “ಇಂದು ರಾತ್ರಿ 11 ಗಂಟೆಗೆ 0.5 ಮಿ.ಗ್ರಾಂ.ನ ಎರಡು ಮಾತ್ರೆಗಳನ್ನು ಒಟ್ಟಿಗೆ ನುಂಗಿ. ನುಂಗಿದ ಹೊತ್ತನ್ನು ಬರೆದಿಡಿ. ನಾಳೆ ಬೆಳಿಗ್ಗೆ 8ರಿಂದ 9ರೊಳಗೆ ರಕ್ತ ಕೊಡಿ. ಇದು ಚಿಕಿತ್ಸೆಯ ಮಾತ್ರೆಯಲ್ಲ. ಇದನ್ನು ನುಂಗಿದಾಗ ನಿಮ್ಮ ಕಾರ್ಟಿಸೋಲ್ ತಗ್ಗುತ್ತದೆಯೇ ಎಂದು ನೋಡಲು ಕೊಟ್ಟದ್ದು.”

ಉತ್ತರ 1

ಚೆನ್ನಾಗಿದೆ. ‘ಇಂದು’, ‘ನಾಳೆ’ ತೆಗೆದು ತಾರೀಕು ಬರೆಯಲು ಎರಡು ಕಡೆ ಜಾಗ ಬಿಡಿ. ಚೀಟಿ ಕೈಗೆ ಸಿಕ್ಕ ದಿನವೇ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ.