ಮನೆಯಲ್ಲೇ 18 ಅಡಿ ಕ್ಯಾಬಿನ್ ಬೋಟ್ ಕಟ್ಟಬೇಕು, ಪ್ಲಾನ್ ಸರಿ ಇದೆಯಾ?

ಪ್ರಶ್ನೆ (ಗೋವಾದ ಪೊಂಡಾದಿಂದ): ಸರ್, ನಾವು ಹುಬ್ಬಳ್ಳಿ ಕಡೆಯವರು. ಭಾನುವಾರ ಮಾಂಡವಿ ನದಿಯಲ್ಲಿ ಚೋರಾವ್, ದಿವಾರ್ ದ್ವೀಪಗಳ ಕಡೆ ಸುತ್ತಿ ಸಂಜೆಗೆ ವಾಪಸ್ ಬರಲು ಒಂದು ಪ್ಲೈವುಡ್ ಬೋಟ್ ಕಟ್ಟುವ ಆಸೆ. ಉದ್ದ 18 ಅಡಿ, ಅಗಲ 6 ಅಡಿ ಅಂದುಕೊಂಡಿದ್ದೇನೆ. ನಾವಿಬ್ಬರು, ಅಪ್ಪ ಅಮ್ಮ, ಇಬ್ಬರು ಮಕ್ಕಳು. ಒಳಗೆ ನಿಲ್ಲುವಷ್ಟು ಎತ್ತರದ ಕ್ಯಾಬಿನ್ ಬೇಕು, ಅದರ ಮೇಲೆ ಮಕ್ಕಳು ಕೂರಬೇಕು. ಮರಗೆಲಸ ಚೆನ್ನಾಗಿ ಬರುತ್ತದೆ.

ಉತ್ತರ (ಬೋಟ್ ಡಿಸೈನರ್, ವಾಸ್ಕೋ): ಕಟ್ಟಿ ಸರ್, ಖಂಡಿತ ಆಗುತ್ತದೆ. ಆದರೆ ನಿಲ್ಲುವ ಎತ್ತರದ ಕ್ಯಾಬಿನ್ ಬೇಡ, ಮೇಲೆ ಕೂರುವುದಂತೂ ಬೇಡವೇ ಬೇಡ.

ಈ ಅಳತೆಯ ಬೋಟಿಗೆ 70 ಕೆ.ಜಿ.ಯ ಒಬ್ಬರು ಹತ್ತಿದರೆ ಅದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಮುಳುಗುತ್ತದೆ, ಅಷ್ಟೇ. ಆರು ಜನರನ್ನು ಆರಾಮಾಗಿ ಹೊರುತ್ತದೆ. ತೊಂದರೆ ಇರುವುದು ಆ ಭಾರ ಎಷ್ಟು ಎತ್ತರದಲ್ಲಿದೆ ಅನ್ನುವುದರಲ್ಲಿ. ಆರಡಿ ಕ್ಯಾಬಿನ್ ಮೇಲೆ ಇಬ್ಬರು ಮಕ್ಕಳು ಕೂತಿದ್ದಾರೆ ಅನ್ನಿ. ಯಾರೋ "ಮೊಸಳೆ!" ಅಂದರೆ ಇಬ್ಬರೂ ಒಂದೇ ಬದಿಗೆ ಓಡುತ್ತಾರೆ. ಕೆಳಗಿದ್ದವರೂ ಅದೇ ಬದಿಗೆ ಬಗ್ಗಿ ನೋಡುತ್ತಾರೆ. 6 ಅಡಿ ಅಗಲದ ಬೋಟ್ ಅದನ್ನು ತಡೆಯುವುದಿಲ್ಲ. ಮಾಂಡವಿಗೆ ಸೇರುವ ಕುಂಬಾರ್ಜುವಾ ಕಾಲುವೆಯಲ್ಲಿ ನಿಜವಾಗಿ ಮೊಸಳೆಗಳಿವೆ, ಅದಕ್ಕೇ ಈ ಉದಾಹರಣೆ.

ಇನ್ನು ಗಾಳಿ. ಬೇಸಿಗೆಯ ಮಧ್ಯಾಹ್ನ ಸಮುದ್ರದ ಕಡೆಯಿಂದ ಜೋರಾಗಿ ಬೀಸುತ್ತದೆ. ಎತ್ತರದ ಕ್ಯಾಬಿನ್ ಆಗ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಜೆಟ್ಟಿಗೆ ಹಚ್ಚಲು ಹೋದರೆ ಬೋಟ್ ಪಕ್ಕಕ್ಕೆ ಜಾರಿ ಕಾಂಡ್ಲಾ ಗಿಡಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ನಾನಾದರೆ ಅಗಲವನ್ನು ಏಳೂವರೆ ಅಡಿ ಮಾಡುತ್ತೇನೆ. ಮುಂದೆ ತಗ್ಗು ಕ್ಯಾಬಿನ್, ಕೂತರೆ ತಲೆ ತಾಗದಷ್ಟು ಸಾಕು. ಅಮ್ಮ ಮಲಗಬಹುದು, ಮಕ್ಕಳಿಗೆ ಬಟ್ಟೆ ಬದಲಿಸಬಹುದು. ಹಿಂದೆ ತೆರೆದ ಜಾಗ, ನೆರಳಿಗೆ ಮಡಚುವ ಕ್ಯಾನ್ವಾಸ್. ಪೆಟ್ರೋಲ್, ನೀರು, ಬ್ಯಾಟರಿ ಎಲ್ಲ ತಳದಲ್ಲಿ. 10ರಿಂದ 15 ಎಚ್‌ಪಿ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಹೊರಗೆ ತಗುಲಿಸುವ ಎಂಜಿನ್, ಸಾಕು. ಈ ಉದ್ದದ ಬೋಟ್ ನೀರು ಸೀಳಿಕೊಂಡು ಹೋಗುವುದೇ ಗಂಟೆಗೆ 10 ಕಿ.ಮೀ. ಆಸುಪಾಸು. ಅದಕ್ಕಿಂತ ಜೋರು ಬೇಕೆಂದರೆ ತಳದ ಆಕಾರವೇ ಬೇರೆ ಇರಬೇಕು.

ಒಂದು ಮಾತು ಮರೆಯಬೇಡಿ. ಸ್ವಂತ ಡ್ರಾಯಿಂಗ್ ಬದಲು ಈಗಾಗಲೇ ಕಟ್ಟಿ ನೀರಿಗಿಳಿಸಿ ನೋಡಿದ ಪ್ಲಾನ್ ಕೊಳ್ಳಿ. ಪ್ಲೈವುಡ್ ತರುವ ಮೊದಲೇ ಅದನ್ನು ಹಿಡಿದು ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಗೆ ಹೋಗಿ, ನೋಂದಣಿಗೆ ಏನೇನು ಬೇಕು ಅಂತ ಕೇಳಿ ಬನ್ನಿ.

ಪ್ರಶ್ನೆ (ಮಡಗಾಂವ್‌ನಿಂದ ಇನ್ನೊಬ್ಬರು): ಕಟ್ಟಿದ ಮೇಲೆ ಬೋಟ್ ಮಗುಚುವುದಿಲ್ಲ ಅಂತ ಮನೆಯವರನ್ನು ಹತ್ತಿಸುವ ಮೊದಲೇ ತಿಳಿಯುವುದು ಹೇಗೆ?

ಉತ್ತರ: ತುಂಬಾ ಒಳ್ಳೆ ಪ್ರಶ್ನೆ. ನಿಂತ ನೀರಿನಲ್ಲಿ ಹಗ್ಗ ಸಡಿಲ ಬಿಡಿ. ಜನರಷ್ಟೇ ತೂಕದ ಮರಳಿನ ಚೀಲಗಳನ್ನು ಸೀಟಿನ ಮೇಲಿಡಿ. ಅಂಚನ್ನು ಒತ್ತಿ ಬಿಟ್ಟು, ಎಡದಿಂದ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬರಲು ಎಷ್ಟು ಸೆಕೆಂಡ್ ಅಂತ ಎಣಿಸಿ. ನಾಲ್ಕೈದು ತೂಗಾಟ ಅಳೆದು ಸರಾಸರಿ ತೆಗೆಯಿರಿ. ಆ ಸೆಕೆಂಡು ಬೋಟಿನ ಅಗಲದ ಮೀಟರ್ ಸಂಖ್ಯೆಗಿಂತ ಜಾಸ್ತಿ ಇರಬಾರದು. ಏಳೂವರೆ ಅಡಿ ಅಂದರೆ 2.3 ಮೀಟರ್, ಹಾಗಾಗಿ 2.3 ಸೆಕೆಂಡ್ ಒಳಗೆ. ನಿಧಾನ ತೂಗುವ ಬೋಟ್ ಹಿತವಾಗಿರುತ್ತದೆ, ಆದರೆ ಅದೇ ಅಪಾಯದ್ದು. ಆಮೇಲೆ ಈಜು ಬರುವ ನಾಲ್ವರು ಲೈಫ್ ಜಾಕೆಟ್ ಹಾಕಿಕೊಂಡು ಒಂದೇ ಬದಿಗೆ ನಿಲ್ಲಿ. ಅಂಚು ನೀರಿನಿಂದ ಒಂದು ಗೇಣಾದರೂ ಮೇಲಿರಬೇಕು.

ಪ್ರಶ್ನೆ (ಪೊಂಡಾದಿಂದ): ತಗ್ಗು ಕ್ಯಾಬಿನ್‌ಗೆ ಮನೆಯಲ್ಲಿ ಒಪ್ಪಿದರು ಸರ್. ಅಡುಗೆಮನೆ ಕಪಾಟಿಗೆ ತಂದ ಪ್ಲೈ ಉಳಿದಿದೆ, ಅದನ್ನು ಬಳಸಬಹುದಾ?

ಉತ್ತರ: ಬೇಡ. ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈ ತನ್ನಿ. ಆ ಗುಣಮಟ್ಟದ ಅಂಟು 72 ಗಂಟೆ ಕುದಿಯುವ ನೀರಿನ ಪರೀಕ್ಷೆ ತಾಳಬೇಕು. ಆದರೂ ನೀರು ನುಗ್ಗುವುದು ಕತ್ತರಿಸಿದ ಅಂಚಿನಿಂದ. ಪ್ರತಿ ಅಂಚಿಗೂ, ಪ್ರತಿ ತೂತಿಗೂ ಎಪಾಕ್ಸಿ (ಎರಡು ದ್ರವ ಬೆರೆಸಿ ಗಟ್ಟಿಯಾಗುವ ರಾಳ) ಕುಡಿಸಿ, ಅದು ಹೀರಿಕೊಂಡ ಮೇಲೆ ಇನ್ನೆರಡು ಸಲ. ಮಳೆಗಾಲದಲ್ಲಿ ಎಪಾಕ್ಸಿ ಕೆಲಸ ಬೇಡ. ತೇವಕ್ಕೆ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಮುಂದಿನ ಕೋಟ್ ಹಿಡಿಯುವುದಿಲ್ಲ. ಅಂಥ ಜಿಡ್ಡು ಬೇರೆ ದಿನಗಳಲ್ಲಿ ಕಂಡರೂ ನೀರಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಮರಳು ಕಾಗದ ಹಾಕಿ ಆಮೇಲೆ ಬಳಿಯಿರಿ. ಮಳೆ ನಿಂತ ಮೇಲೆ ನವೆಂಬರ್‌ನಲ್ಲಿ ಶುರು ಮಾಡಿ, ಉಳಿದ ಪ್ಲೈಯಲ್ಲಿ ಈಗ ಪೂರ್ತಿ ಅಳತೆಯ ಅಚ್ಚು ಕತ್ತರಿಸಿ ಇಟ್ಟುಕೊಳ್ಳಿ.